ತಾವು ಹೇಳಿದ ‘ಪರವಾಗಿಲ್ಲ’ ಯಾರಿಗೆ?

ಮೂರನೇ ತರಗತಿಯ ಟೀಚರ್ ಅವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಗಂಟಲು ಎಂದೂ ಕಟ್ಟದಿರಲಿ, ತಮ್ಮ ಸೀಮೆಸುಣ್ಣ ಎಂದೂ ಕಿರುಗುಟ್ಟದಿರಲಿ ಎಂದು ಮೊದಲಿಗೆ ಹಾರೈಸಿ, ಕಳೆದ ಶನಿವಾರದ ಪೋಷಕರ ಸಭೆಯಲ್ಲಿ ತಾವು ದಯಪಾಲಿಸಿದ ಒಂದೇ ಒಂದು ಪದದ ಬಗ್ಗೆ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಉಳಿದ ಪೋಷಕರಿಗೂ ಉಪಯೋಗವಾಗಲೆಂದು ಪತ್ರವನ್ನು ಬಹಿರಂಗವಾಗಿಯೇ ಬರೆದಿದ್ದೇನೆ.

ಸಭೆಯ ಏರ್ಪಾಡನ್ನು ಎಷ್ಟು ಹೊಗಳಿದರೂ ಸಾಲದು. ಪೋಷಕರನ್ನು ಮಕ್ಕಳ ಕುರ್ಚಿಯಲ್ಲಿ ಕೂರಿಸುವ ಉಪಾಯ ಯಾರಿಗೆ ಹೊಳೆಯಿತೋ ಅವರಿಗೆ ಸನ್ಮಾನವಾಗಬೇಕು. ಮೊಣಕಾಲು ಗಲ್ಲಕ್ಕೆ ತಾಗುತ್ತಿರುವಾಗ ಎಂಥ ಗಟ್ಟಿಗಿತ್ತಿಗೂ ಪ್ರಶ್ನೆ ಕೇಳುವ ಧೈರ್ಯ ಬರುವುದಿಲ್ಲ. ಕಾರಿಡಾರಿನಲ್ಲಿ ನಿಂತು ನಿಂತು ಕಾಲು ಸೋತು ಒಳಗೆ ಬಂದ ನಾನು ಆ ಕುರ್ಚಿಯನ್ನು ಉರುಳಿಸಿ, ‘ತಪ್ಪಾಯ್ತು ಟೀಚರ್’ ಎಂದು ಎತ್ತಿಟ್ಟು, ಅದರೊಳಗೆ ಹೇಗೋ ತುರುಕಿಕೊಳ್ಳುತ್ತಾ ‘ನಮ್ಮ ಮಗಳು ಹೇಗಿದ್ದಾಳೆ?’ ಎಂದು ಒಂದೇ ಉಸಿರಿಗೆ ಕೇಳಿದೆ. ತಾವು ‘ಪರವಾಗಿಲ್ಲ’ ಎಂದಿರಿ. ಆಮೇಲೆ ಸೋರುವ ನೀರಿನ ಬಾಟಲಿಗಳ ಬಗ್ಗೆ, ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಮರೆಯುವ ತಾಯಂದಿರ ಬಗ್ಗೆ, ಕೆಟ್ಟ ಫ್ಯಾನಿನ ಬಗ್ಗೆ ಅದೆಷ್ಟು ಸೊಗಸಾಗಿ ಮಾತಾಡಿದಿರೆಂದರೆ ಗಂಟೆ ಬಾರಿಸಿದ್ದೇ ತಿಳಿಯಲಿಲ್ಲ.

ಆ ಒಂದು ಪದವನ್ನು ಜೋಪಾನವಾಗಿ ಮನೆಗೆ ತಂದೆ. ನಮ್ಮ ಅತ್ತೆಯವರು ‘ನಮ್ಮ ಕಾಲದಲ್ಲಿ ಮೇಷ್ಟ್ರು ಪರವಾಗಿಲ್ಲ ಅಂದ್ರೆ ಫಸ್ಟ್ ಕ್ಲಾಸ್ ಅಂತ ಅರ್ಥ’ ಎಂದು ಮೊಮ್ಮಗಳ ದೃಷ್ಟಿ ತೆಗೆಯಲು ಎದ್ದರು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮೈದುನ ‘ನಮ್ಮಲ್ಲಿ ಪರವಾಗಿಲ್ಲ ಅಂದ್ರೆ ಜೀವಕ್ಕೇನೂ ಅಪಾಯ ಇಲ್ಲ ಅಂತ, ಅಷ್ಟೇ’ ಎಂದ. ಯಜಮಾನರು ಪೇಪರಿನಿಂದ ತಲೆಯೆತ್ತದೆ ‘ಅಡುಗೆ ಹೇಗಿದೆ ಅಂತ ನೀನು ಕೇಳಿದಾಗ ನಾನು ಅಂತೀನಲ್ಲ, ಆ ಲೆಕ್ಕ’ ಎಂದುಬಿಟ್ಟರು. ಹೀಗೆ ಒಂದು ಜಗಳ ಎರಡಾಯಿತು. ಎರಡನೆಯದು ಇನ್ನೂ ಮುಗಿದಿಲ್ಲ.

ಈ ಗಲಾಟೆಯ ನಡುವೆ, ಅಂದು ತರಗತಿಯ ಬಾಗಿಲಲ್ಲೇ ನಿಂತಿದ್ದ ಮಗಳು ಮೆಲ್ಲಗೆ ಬಾಯಿಬಿಟ್ಟಳು: ‘ಅದು ನನಗೆ ಹೇಳಿದ್ದಲ್ಲಮ್ಮ. ನೀನು ಕುರ್ಚಿ ಬೀಳಿಸಿದೆಯಲ್ಲ, ಅದಕ್ಕೆ ಹೇಳಿದ್ದು.’

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಇರುತ್ತಾರೆಂದು ಕೇಳಿದ್ದೆ, ಅವರು ನಮ್ಮ ಮನೆಯಲ್ಲೇ ಇದ್ದಾರೆಂದು ಅಂದು ಗೊತ್ತಾಯಿತು. ಕುರ್ಚಿಯ ಕ್ಷೇಮಸಮಾಚಾರ ತಿಳಿದು ನಮಗೆಲ್ಲ ಸಂತೋಷವಾಗಿದೆ. ಮಗಳ ಸಮಾಚಾರ ಮಾತ್ರ ಬಾಕಿ ಉಳಿದಿದೆ.

ಶೂ ಬಿಚ್ಚುವ ಮೊದಲೇ ಶಾಲೆಯ ಕಥೆಯೆಲ್ಲ ಒದರುತ್ತಿದ್ದ ಹುಡುಗಿ, ತಾವು ಅವಳನ್ನು ಹಿಂದಿನ ಬೆಂಚಿಗೆ ಕಳಿಸಿದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ. ಊಟದ ಡಬ್ಬಿ ಅರ್ಧಕ್ಕರ್ಧ ವಾಪಸ್ಸು ಬರುತ್ತಿದೆ. ಇವಳು ಶಾಲೆಯಲ್ಲಿ ಯಾರ ಜೊತೆಗಾದರೂ ಮಾತಾಡುತ್ತಾಳೆಯೇ? ಅಂದು ನಾನು ಬಾಯಲ್ಲೇ ಇಟ್ಟುಕೊಂಡು ಬಂದ ಪ್ರಶ್ನೆ ಇದು. ನನಗೆ ಭಯವಾಗಿದೆ ಟೀಚರ್. ಈ ಒಂದು ಮಾತನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ತಮ್ಮ ಕಷ್ಟವೂ ಕಾಣದ್ದಲ್ಲ. ಅಷ್ಟು ಮಕ್ಕಳು, ಅವರ ಎರಡರಷ್ಟು ಹೆತ್ತವರು, ಮೇಜಿನ ಮೇಲೆ ಕೆನೆಗಟ್ಟಿದ ಚಹಾ. ಅದನ್ನು ಒಂದು ಗುಟುಕು ಕುಡಿಯಲೂ ನಾವು ಬಿಡಲಿಲ್ಲ. ಆದ್ದರಿಂದ ಮುಂದಿನ ಸಭೆಗೆ ನನ್ನ ಬೇಡಿಕೆಗಳು ಬಹಳ ಸಣ್ಣವು. ಸಾಧ್ಯವಾದರೆ ಆ ದಿನ ಗಡಿಯಾರಕ್ಕೆ ಅರ್ಧ ದಿನದ ರಜೆ ಮಂಜೂರು ಮಾಡಿಸಿ. ಕುರ್ಚಿಗಳನ್ನು ಬೆಳೆಸಿ, ಅದಾಗದಿದ್ದರೆ ನಮ್ಮನ್ನು ಕುಗ್ಗಿಸಿ. ಬಾಟಲಿಗಳ ಪೋಷಕರಿಗೆ ಪ್ರತ್ಯೇಕ ಸಭೆ ಕರೆದು, ಮಕ್ಕಳ ಪೋಷಕರನ್ನು ಅಲ್ಲಿಂದ ಬಿಡುಗಡೆ ಮಾಡಿ. ಇನ್ನು ತೀರಾ ಅಸಾಧ್ಯವಾದ ಒಂದನ್ನು ಸಂಕೋಚದಿಂದಲೇ ಕೇಳುತ್ತೇನೆ: ತಾವು ಮಾತು ಶುರುಮಾಡುವ ಮೊದಲು, ‘ನೀವೇನು ಕೇಳಬೇಕಂತ ಬಂದಿದ್ದೀರಿ?’ ಎಂದು ಒಮ್ಮೆ ಕೇಳಿಬಿಡಿ. ಆಮೇಲೆ ಉತ್ತರ ಬರುವವರೆಗೆ ಸುಮ್ಮನಿರಿ.

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಗಾಜು ಬದಲಿಸಿ ‘ಈಗ ಹೇಗಿದೆ?’ ಎಂದರೆ ಗಿರಾಕಿಗಳೂ ‘ಪರವಾಗಿಲ್ಲ’ ಎನ್ನುತ್ತಾರೆ. ಅದನ್ನು ನಂಬಿ ಕನ್ನಡಕ ಮಾಡಿಕೊಟ್ಟರೆ ಮಾರನೆಯ ದಿನವೇ ಜಗಳಕ್ಕೆ ಬರುತ್ತಾರೆ. ಹಾಗಾಗಿ ಗೋಡೆಯ ಫಲಕ ತೋರಿಸಿ, ಕೊನೆಯ ಸಾಲನ್ನು ಓದಿ ಎನ್ನುವುದು ನನಗೆ ರೂಢಿ. ತಮ್ಮಲ್ಲೂ ಅದೇ ವಿನಂತಿ. ದಯವಿಟ್ಟು ಒಮ್ಮೆ ಕೊನೆಯ ಸಾಲನ್ನೂ ಓದಿ.

ಪುಟ್ಟ ಕುರ್ಚಿಯಿಂದ ಬೆನ್ನು ಇನ್ನೂ ನೆಟ್ಟಗಾಗದ,
ತಮ್ಮ ವಿಶ್ವಾಸಿ,
ಹಿಂದಿನ ಬೆಂಚಿನ, ಕಿಟಕಿ ಪಕ್ಕದ ಹುಡುಗಿಯ ಅಮ್ಮ

ತಾ.ಕ.: ಇದನ್ನು ಬರೆಯುವಾಗ ಮಗಳು ಹೆಗಲ ಮೇಲಿಂದ ಇಣುಕಿ, ‘ನಾನು ಯಾರು ಅಂತ ಟೀಚರ್‌ಗೆ ಗೊತ್ತಾಗತ್ತಾ ಅಮ್ಮ?’ ಎಂದು ಕೇಳಿದಳು. ‘ಗೊತ್ತಾಗದಿದ್ರೂ ಪರವಾಗಿಲ್ಲ’ ಎನ್ನಲು ನನಗೆ ಬಾಯಿ ಬರಲಿಲ್ಲ.