ಗಡಿ ಶಾಂತಿಯ ಶೂಟಿಂಗು

ಗಂಭೀರ ಕೆಲಸಕ್ಕೆ ಕೈ ಹಾಕಿದಾಗಲೇ ನನಗೆ ಇಂಥವೆಲ್ಲ ಎದುರಾಗುತ್ತವೆ. ಶಿರಸಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಶಾಲೆಗೆ ಹೋದವಳಲ್ಲ, ಬ್ಲೌಸಿನ ಅಳತೆಗೆ ಕತ್ತರಿಸಿಟ್ಟ ಹಳೇ ಪತ್ರಿಕೆಗಳಲ್ಲಿ ಓದು ಕಲಿತೆ. ಸುದ್ದಿ ಕಂಕುಳ ಹತ್ತಿರ ತುಂಡಾಗಿದ್ದರೆ ಉಳಿದದ್ದನ್ನು ನಾನೇ ಯೋಚಿಸಬೇಕಿತ್ತು. ಹಾಗೆ ಯೋಚಿಸಿ, ಗಡಿಯಲ್ಲಿ ಗುಂಡು ಹಾರಿಸುವುದನ್ನು ವಿರೋಧಿಸಿ ಒಂದು ಹಾಡು ಬರೆದೆ. ವಿಡಿಯೋ ಮಾಡುತ್ತೇನೆ ಅಂದಾಗ ನನ್ನ ಗಂಡ, "ಅದನ್ನು ಕೊನೇ ತನಕ ಯಾರು ನೋಡ್ತಾರೆ?" ಅಂದರು. ನೋಡಿಸದೆ ಬಿಡುವುದಿಲ್ಲ ಅಂತ ಅವತ್ತೇ ತೀರ್ಮಾನಿಸಿದೆ.

೧. ಎರಡು ದೇಶ, ಒಂದೇ ಥಾನು

ಸೈನಿಕರಾಗಲು ಪಕ್ಕದ ಗ್ಯಾರೇಜಿನವರು ಒಪ್ಪಿದರು. ನನ್ನಲ್ಲಿದ್ದದ್ದು ಹಸಿರು ಬಟ್ಟೆಯ ಒಂದೇ ಥಾನು. ಎರಡೂ ದೇಶದ ಸಮವಸ್ತ್ರ ಅದರಲ್ಲೇ ಹೊಲಿದೆ. ಟೆಂಪೋ ಓಡಿಸಲು, ಊಟ ಬಡಿಸಲು ಬಂದಿದ್ದ ಯಲ್ಲಾಪುರದ ಸಾಹೇಬರು ತಲೆ ಕೆರೆದುಕೊಂಡರು.

"ಅಕ್ಕಾ, ನಮ್ಮವರು ಯಾರು, ಆಚೆಯವರು ಯಾರು, ಗೊತ್ತೇ ಆಗ್ತಿಲ್ಲ."

"ಹಾಡಿನ ಅರ್ಥವೇ ಅದು," ಅಂದೆ.

"ಅರ್ಥ ಇರ್ಲಿ. ಒಂದು ದೇಶದವರು ಎರಡೆರಡು ಸಲ ಉಂಡಿದ್ದಾರೆ."

೨. ತಾಯಿಯ ದುಃಖ

ಕ್ಯಾಮೆರಾದವನು ಸಿದ್ದಾಪುರದವನು. ಮದುವೆ ಬಿಟ್ಟು ಬೇರೇನೂ ತೆಗೆದವನಲ್ಲ. ಗಡಿಗೆ ಹೊರಟ ಮಗನ ತಲೆಯ ಮೇಲೆ ಕೈಯಿಟ್ಟು ಅಳುವ ತಾಯಿ ನಾನೇ. ಕಣ್ಣಲ್ಲಿ ನೀರು ಬರುವ ಹೊತ್ತಿಗೆ ಸರಿಯಾಗಿ, "ಅಕ್ಕಾ, ಈ ಕಡೆ ನೋಡಿ, ಸ್ವಲ್ಪ ನಗಿ," ಅಂದ.

ಎಡಿಟಿಂಗ್ ಮುಗಿಸಿ ತಂದಾಗ ತಾಯಿ ಮಗ ಇಬ್ಬರೂ ದೊಡ್ಡ ಹೃದಯದೊಳಗಿದ್ದೆವು. ತೆಗೆ ಅಂದೆ, ತೆಗೆದ. ಮೇಲಿಂದ ಸುರಿಯುವ ಗುಲಾಬಿ ಎಸಳು ಮಾತ್ರ ಉಳಿಯಿತು. ಯಾರಾದರೂ ತಲೆಯ ಮೇಲೆ ಕೈಯಿಟ್ಟರೆ ಅವನ ಕಂಪ್ಯೂಟರಿನಲ್ಲಿ ಅದು ತಾನೇ ಸುರಿಯುತ್ತದಂತೆ.

೩. ನಿಶ್ಶಸ್ತ್ರೀಕರಣ

ಇಡಗುಂದಿ ಕಡೆಯ ಕಾಡಿನಲ್ಲಿ ಚಿತ್ರೀಕರಣಕ್ಕೆ ಹೊರಟಾಗ ಅರಣ್ಯ ಇಲಾಖೆಯ ನಾಕಾದ ಗಾರ್ಡ್ ಟೆಂಪೋ ತಡೆದ. ಒಳಗೆ ಎರಡು ಸೈನ್ಯ, ರಾಶಿ ಬಂದೂಕು. ನೀವು ಯಾರು, ಎಲ್ಲಿ ಯುದ್ಧ, ಏನೂ ಕೇಳಲಿಲ್ಲ. ಒಂದು ಬಂದೂಕು ಎತ್ತಿ ಮೂಸಿದ.

"ಇದು ಎಂತ ಮರ? ಸಾಗವಾನಿಯಾ?"

"ಹಲಸು," ಅಂದರು ಸಾಹೇಬರು. "ಶಾಂತಿ ಹಾಡಿಗೆ ಸಾರ್."

"ಶಾಂತಿಗಾದ್ರೂ ಮರ ಮರವೇ. ಪಾಸ್ ತೋರಿಸಿ."

ಬಂದೂಕೆಲ್ಲ ನಾಕಾದಲ್ಲೇ ಇಟ್ಟು ಮುಂದೆ ಹೋದೆವು. ನನ್ನ ಹಾಡು ಇಡೀ ಜಗತ್ತಿಗೆ ಬೇಡಿದ್ದನ್ನು ಆ ಗಾರ್ಡ್ ಐದು ನಿಮಿಷದಲ್ಲಿ ಮಾಡಿದ.

೪. ಬೇಲಿ ಕಿತ್ತದ್ದು

ಕೊನೆಯ ದೃಶ್ಯದಲ್ಲಿ ಸೈನಿಕರು ಗಡಿಬೇಲಿ ಕಿತ್ತು ಅಪ್ಪಿಕೊಳ್ಳಬೇಕು. ಹುಲಗೋಳದಲ್ಲಿ ಒಂದು ಬೇಲಿ ಸಿಕ್ಕಿತು. ಅದರ ಎರಡು ಬದಿಯ ಯಜಮಾನರಿಗೆ ವರ್ಷಗಳಿಂದ ಮಾತಿಲ್ಲ. ಸಂಜೆಯೊಳಗೆ ಇದ್ದಲ್ಲೇ ಮತ್ತೆ ಹಾಕಬೇಕು ಅಂತ ಇಬ್ಬರೂ ಬೇರೆಬೇರೆಯಾಗಿ ಷರತ್ತು ಹಾಕಿದರು. ಹಾಕಿದೆವು. ವಿಡಿಯೋ ತಯಾರಾಗಿ ಬಂದ ದಿನವೇ ಇಬ್ಬರೂ ನನ್ನ ಅಂಗಡಿಗೆ ಬಂದರು. ಬೇಲಿ ತನ್ನ ಕಡೆ ಒಂದು ಮೊಳ ಒಳಗೆ ಬಂದಿದೆ ಅಂತ ಇಬ್ಬರದೂ ತಕರಾರು.

ಮೊದಲು ಬೇಲಿ ಎಲ್ಲಿತ್ತು ಅನ್ನುವುದಕ್ಕೆ ಇದ್ದ ಸಾಕ್ಷಿ ನಮ್ಮ ವಿಡಿಯೋ ಒಂದೇ. ಫೋನಿನಲ್ಲಿ ಹಾಕಿದೆ. ಬೆಂಚಿನ ಎರಡು ತುದಿಗೆ ಕೂತವರು ಫೋನ್ ಕಾಣದೆ ಸರಿದು ಸರಿದು ಭುಜಕ್ಕೆ ಭುಜ ತಾಗಿಸಿದರು. ಪೂರ್ತಿ ನೋಡಿದರು. ಮತ್ತೆ ಮೊದಲಿಂದ ಹಾಕಿಸಿದರು. ಗಂಡನನ್ನು ಕರೆದು ಅವರಿಬ್ಬರನ್ನು ತೋರಿಸಿದೆ.

"ತಂಗಿ, ಆ ಹಾಡು ಬಂದ್ ಮಾಡು," ಅಂದರು ಒಬ್ಬರು. "ಗೂಟದ ಮೇಲೆ ಗಮನ ನಿಲ್ತಿಲ್ಲೆ."

ಬಂದ್ ಮಾಡಿದೆ. ಸೈನಿಕರು ಸದ್ದಿಲ್ಲದೆ ಅಪ್ಪಿಕೊಂಡರು.

"ಇವರನ್ನ ಸ್ವಲ್ಪ ಆಚೆ ಸರ್ಸಲೆ ಬತ್ತಾ? ಗೂಟ ಕಿತ್ತ ಗುಂಡಿ ಕಾಣ್ತಿಲ್ಲೆ."

ಅಷ್ಟು ಹೊತ್ತು ಫೋನಿನಿಂದ ಕಣ್ಣೆತ್ತದೆ ಕೂತಿದ್ದ ಇನ್ನೊಬ್ಬರು ಮೊದಲ ಸಲ ಅವರ ಕಡೆ ನೋಡಿದರು.

"ನೀವು ಹೇಳೂದು ಸರಿ," ಅಂದರು. "ಶಾಂತಿ ಅಂತ ಹೀಗೆ ಅಡ್ಡ ನಿಂತ್ರೆ ಹೆಂಗೆ?"