ಷಡ್ಡಕನ ಕ್ಯಾಮೆರಾದ ಕಪ್ಪು ಟೇಪು

ಛಾಯಾಪತಿಗಳಿಗೆ ತಮ್ಮ ಷಡ್ಡಕನ ಮೇಲೆ ಯಾವ ದ್ವೇಷವೂ ಇರಲಿಲ್ಲ. ತಮಗಿಂತ ಚೆನ್ನಾಗಿ ಫೋಟೋ ತೆಗೆಯುತ್ತಾನೆ ಎಂಬುದೊಂದನ್ನು ಬಿಟ್ಟರೆ ಅವನು ಅಪ್ಪಟ ಚಿನ್ನ ಎಂದು ಅವರೇ ನಾಲ್ಕು ಜನರ ಎದುರು ಹೇಳಿದ್ದರು. (ಹೇಳಿ ಮನೆಗೆ ಬಂದ ಮೇಲೆ ಎರಡು ಚೊಂಬು ತಣ್ಣೀರು ಕುಡಿದಿದ್ದರು.) ಹೆಂಡತಿಯ ತಂಗಿಯನ್ನು ಕಟ್ಟಿಕೊಂಡ ಮನುಷ್ಯ ಬೇರೆ ಯಾವ ಕಸುಬನ್ನಾದರೂ ಹಿಡಿಯಬಹುದಿತ್ತು. ಹಲ್ಲು ಕೀಳಬಹುದಿತ್ತು, ಬಸ್ಸು ಓಡಿಸಬಹುದಿತ್ತು, ಪೈಪು ರಿಪೇರಿ ಮಾಡಬಹುದಿತ್ತು. ಅದೆಲ್ಲ ಬಿಟ್ಟು ಅವನೂ ಫೋಟೋಗ್ರಾಫರೇ ಆಗಿ, ಎರಡೇ ಬೀದಿ ಆಚೆ ಸ್ಟುಡಿಯೋ ತೆರೆದು ಕೂತಿದ್ದ.

ಛಾಯಾಪತಿ ಎಂಬುದು ಅವರ ಹೆಸರಲ್ಲ, ಹೆಂಡತಿ ಕೊಟ್ಟ ಬಿರುದು. ಮನೆಯ ಮುಂದಿನ ಕೋಣೆಯೇ ಅವರ ಸ್ಟುಡಿಯೋ. ಅಲ್ಲಿ ಬಂದವರನ್ನು ಕೂರಿಸುವುದು, ಕಾಲರ್ ಸರಿಮಾಡುವುದು, ಪಾಸ್‌ಪೋರ್ಟ್ ಸೈಜಿನ ಪಟಗಳನ್ನು ಕತ್ತರಿಸಿ ಲಕೋಟೆಗೆ ಹಾಕುವುದು, ಚೌಕಟ್ಟಿಗೆ ಗಾಜು ಕೂರಿಸುವುದು ಎಲ್ಲ ಹೆಂಡತಿಯ ಪಾಲು. ಗುಂಡಿ ಒತ್ತುವುದು ಮಾತ್ರ ಗಂಡನ ಪಾಲು. ಒತ್ತಿದ ಮೇಲೆ, ಚಿತ್ರ ಯಾಕೆ ಚೆನ್ನಾಗಿ ಬಂದಿಲ್ಲ ಎಂದು ಗಿರಾಕಿಗೆ ವಿವರಿಸುವುದೂ ಅವರದೇ.

"ನಿಮ್ಮ ಮುಖದಲ್ಲೇನೂ ದೋಷ ಇಲ್ಲ ಸ್ವಾಮಿ," ಎನ್ನುತ್ತಿದ್ದರು. "ಈ ಕ್ಯಾಮೆರಾಕ್ಕೆ ವಯಸ್ಸಾಯ್ತು. ಹೊಸದು ಬರ್ತಾ ಇದೆ. ಆಗ ಬನ್ನಿ, ನಿಮ್ಮನ್ನ ನೀವೇ ಗುರುತು ಹಿಡಿಯೋಲ್ಲ."

ಆ ಹೊಸದು ಒಂದೂವರೆ ವರ್ಷದಿಂದ ಬರುತ್ತಲೇ ಇತ್ತು. ವೃತ್ತಿಪರರಿಗೆಂದೇ ತಯಾರಾಗುತ್ತಿರುವ ಮಹಾ ಕ್ಯಾಮೆರಾ ಅದು. ಕಂಪನಿ ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಆದರೆ ಕಂಪನಿಗೆ ಗೊತ್ತಿಲ್ಲದ್ದೆಲ್ಲ ಗೊತ್ತಿರುವ ಕೆಲವರು ಇಂಟರ್‌ನೆಟ್ಟಿನಲ್ಲಿ ದಿನವೂ ಬೆಳಿಗ್ಗೆ ಬರೆಯುತ್ತಿದ್ದರು, ಛಾಯಾಪತಿಗಳು ಕಾಫಿ ಆರುವ ತನಕ ಓದುತ್ತಿದ್ದರು. ಎಲೆಯ ಮರೆಯಲ್ಲಿ ಕೂತ ಹಕ್ಕಿಯ ಕಣ್ಣನ್ನು ಅದು ತಾನೇ ಹುಡುಕುತ್ತದಂತೆ. ಕತ್ತಲೆಯಲ್ಲಿ ಕರಿಬೆಕ್ಕಿನ ಮೀಸೆ ಎಣಿಸಬಹುದಂತೆ. ಅದರದ್ದೇ ಎಂದು ಒಂದು ಗುಟ್ಟಿನ ಚಿತ್ರವೂ ಹೊರಬಿದ್ದಿತ್ತು. ಲೋಕಕ್ಕೆಲ್ಲ ಸ್ಪಷ್ಟ ಚಿತ್ರ ತೆಗೆಯುವ ಆ ಕ್ಯಾಮೆರಾ ಚಿತ್ರದಲ್ಲಿ ಮಾತ್ರ ಮಸುಕಾಗಿ, ಮಸಿ ಮೆತ್ತಿದ ಇಟ್ಟಿಗೆಯಂತೆ ಕಾಣುತ್ತಿತ್ತು. ಛಾಯಾಪತಿಗಳು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಸ್ಟುಡಿಯೋದಲ್ಲಿ ತೂಗುಹಾಕಿದ್ದರು.

"ಬೆಳಿಗ್ಗೆ ಎದ್ದು ಸವತಿ ಮುಖ ನೋಡೋ ಹಾಗಾಯ್ತು ನಂಗೆ," ಎಂದಳು ಹೆಂಡತಿ.

"ಅದು ಬರ್ಲಿ, ನೋಡ್ತಿರು. ಬಲ್ಲ ಮೂಲಗಳು ಹೇಳ್ತಿವೆ, ಇನ್ನು ಮೂರೇ ತಿಂಗಳು."

"ಹೋದ ವರ್ಷಾನೂ ಮೂರೇ ತಿಂಗಳು ಅಂದಿದ್ವು. ಹೆಸರೇ ಗೊತ್ತಿಲ್ಲದೋರ ಮಾತು ನಂಬ್ತೀರಿ, ಮನೇಲಿರೋ ಹೆಂಡ್ತಿ ಮಾತು ನಂಬೋಲ್ಲ. ಅದಕ್ಕೆ ಚೀಲಾನೂ ಬೇರೆ ತಂದಿಟ್ಟಿದೀರಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ!"

ಇಷ್ಟೇ ಆಗಿದ್ದರೆ ಸಂಸಾರ ಹೇಗೋ ಸಾಗುತ್ತಿತ್ತು. ಆದರೆ ಊರಿನ ದೊಡ್ಡ ಆಸ್ಪತ್ರೆಯವರು ಹೊಸ ಕಟ್ಟಡ ಕಟ್ಟಿಸಿದರು. ದೊಡ್ಡ ಡಾಕ್ಟರಿಂದ ಹಿಡಿದು ಗೇಟು ಕಾಯುವವನ ತನಕ ಎಲ್ಲರ ದೊಡ್ಡ ದೊಡ್ಡ ಪಟಗಳನ್ನು ಅದರ ಉದ್ದನೆಯ ಗೋಡೆಗೆ ಹಾಕಬೇಕೆಂದು ಅವರಿಗೆ ಮನಸ್ಸಾಯಿತು. ವರ್ಷವಿಡೀ ಕೈತುಂಬ ಕೆಲಸ. ಅಲ್ಲಿನ ಮ್ಯಾನೇಜರ್ ಮೇಡಂ ಇಬ್ಬರು ಫೋಟೋಗ್ರಾಫರುಗಳನ್ನು ಕರೆದು, ಒಂದೊಂದು ದಿನ ಮಾದರಿಗೆಂದು ತೆಗೆದು ತೋರಿಸಿ, ಚೆನ್ನಾಗಿದ್ದವರಿಗೆ ಕೆಲಸ ಎಂದರು. ಇಬ್ಬರು ಯಾರು ಎಂದು ಹೇಳಬೇಕಾಗಿಲ್ಲ.

ಮೊದಲ ಸರದಿ ಛಾಯಾಪತಿಗಳದ್ದು. ಅವರು ಮೇಡಂಗೆ ಫೋನ್ ಮಾಡಿ, ಅತ್ಯಾಧುನಿಕ ಉಪಕರಣವೊಂದರ ಆಗಮನದ ನಿರೀಕ್ಷೆಯಲ್ಲಿರುವುದರಿಂದ ದಿನಾಂಕ ಮುಂದೂಡಬೇಕೆಂದು ಗಂಭೀರವಾಗಿ ಕೇಳಿಕೊಂಡರು. ಹದಿನೈದು ದಿನ ಬಿಟ್ಟು ಮತ್ತೆ ಕೇಳಿಕೊಂಡರು. ಮೂರನೇ ಸಲ ಮೇಡಂ, "ನಿಮ್ಮ ಉಪಕರಣ ಬಂದಾಗ ನೀವೇ ಹೇಳಿ, ಸೋಮವಾರ ನಿಮ್ಮ ಷಡ್ಡಕರು ಬರ್ತಿದಾರೆ," ಎಂದು ಫೋನ್ ಇಟ್ಟರು.

"ಇರೋ ಕ್ಯಾಮೆರಾ ತಗೊಂಡು ಹೋಗಿದ್ರೆ ಏನಾಗ್ತಿತ್ತು?" ಎಂದು ಹೆಂಡತಿ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ಇದ್ರಲ್ಲಿ ತೆಗೆದು ಅವನ ಮುಂದೆ ಸೋಲ್ಬೇಕಾ? ನನಗೂ ಮಾನ ಮರ್ಯಾದೆ ಇದೆ."

ಗಾಯದ ಮೇಲೆ ಬರೆ ಎಳೆದಂತೆ, ಶನಿವಾರದ ಬೆಳಿಗ್ಗೆ ಬಲ್ಲ ಮೂಲಗಳು ಹೊಸ ಸುದ್ದಿ ಕೊಟ್ಟವು. ಕ್ಯಾಮೆರಾ ತಯಾರಾಗಿದೆ. ಆಯ್ದ ಕೆಲವು ಫೋಟೋಗ್ರಾಫರುಗಳ ಕೈಗೆ ಗುಟ್ಟಾಗಿ, ಪರೀಕ್ಷೆಗೆಂದು ಕೊಡಲಾಗಿದೆ. ಯಾರಿಗೂ ಹೇಳಬಾರದೆಂದು ಅವರಿಂದ ಬರೆಸಿಕೊಳ್ಳಲಾಗಿದೆ. ಗುರುತು ಸಿಗದ ಹಾಗೆ ಅದರ ಹೆಸರಿನ ಮೇಲೆ ಕಪ್ಪು ಟೇಪು ಅಂಟಿಸಲಾಗಿದೆ.

ಅವತ್ತೇ ಸಂಜೆ ಛಾಯಾಪತಿಗಳು ಚೌಕಟ್ಟಿಗೆ ಮೊಳೆ ತರಲು ಹೋಗಿದ್ದರು. ಬೇಕರಿಯ ಮುಂದೆ ಷಡ್ಡಕ ನಿಂತು ಬೇಕರಿಯವನ ಫೋಟೋ ತೆಗೆಯುತ್ತಿದ್ದ. ಅವನ ಕೈಯಲ್ಲಿದ್ದ ಕ್ಯಾಮೆರಾದ ಹಣೆಯ ಮೇಲೆ, ಹೆಸರಿರಬೇಕಾದ ಜಾಗದಲ್ಲಿ, ಅಗಲವಾದ ಕಪ್ಪು ಟೇಪು!

ಛಾಯಾಪತಿಗಳು ಮೊಳೆ ಮರೆತು ಮನೆಗೆ ಬಂದರು. ಅವರಿಗೆ ಹೊಟ್ಟೆಕಿಚ್ಚಾಯಿತು ಎಂದರೆ ಕಡಿಮೆಯಾದೀತು. ಆ ಕಿಚ್ಚಿನಲ್ಲಿ ಒಂದು ಹಂಡೆ ನೀರು ಕಾಯಿಸಬಹುದಿತ್ತು. ಒಂದೂವರೆ ವರ್ಷ ಜಪ ಮಾಡಿದ್ದು ತಾವು, ವರ ಸಿಕ್ಕಿದ್ದು ಅವನಿಗೆ. ಸೋಮವಾರ ಆಸ್ಪತ್ರೆಗೆ ಅದನ್ನೇ ತೆಗೆದುಕೊಂಡು ಹೋಗುತ್ತಾನೆ. ಇನ್ನು ಆ ಗೋಡೆಯ ಆಸೆ ಬಿಟ್ಟಂತೆಯೇ.

"ನಿನ್ನ ತಂಗಿ ಏನೂ ಹೇಳ್ಲಿಲ್ವಾ? ದಿನಾ ಒಂದು ಗಂಟೆ ಫೋನಲ್ಲಿ ಮಾತಾಡ್ತೀರಲ್ಲ!"

"ಹೇಳಿದ್ಲು. ನಾಳೆ ಊಟಕ್ಕೆ ಬನ್ನಿ ಅಂತ."

ಬೇರೆ ದಿನವಾಗಿದ್ದರೆ ಛಾಯಾಪತಿಗಳಿಗೆ ತಲೆನೋವು ಬರುತ್ತಿತ್ತು. ಭಾನುವಾರ ಮಾತ್ರ ಹೆಂಡತಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಬೇಕಾಗಿದ್ದದ್ದು ಎರಡೇ ನಿಮಿಷ. ಆ ಟೇಪಿನ ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ಕೆಳಗಿರುವ ಹೆಸರನ್ನು ಕಣ್ಣಾರೆ ಓದಿ, ಮತ್ತೆ ಅಂಟಿಸಿಬಿಟ್ಟರೆ ಆಯಿತು. ಆಮೇಲೆ ಸತ್ತರೂ ಚಿಂತೆಯಿಲ್ಲ ಎಂದುಕೊಂಡರು.

ಊಟವಾಯಿತು. ಷಡ್ಡಕ ಕೈ ತೊಳೆಯಲು ಹೋದ, ಅಕ್ಕತಂಗಿಯರು ಅಡುಗೆಮನೆಗೆ ಹೋದರು. ಛಾಯಾಪತಿಗಳು ಬೆಕ್ಕಿನ ಹೆಜ್ಜೆಯಿಟ್ಟು ಮಲಗುವ ಕೋಣೆಗೆ ನುಗ್ಗಿದರು. ಮಂಚದ ಮೇಲೆ ಕ್ಯಾಮೆರಾ ಇತ್ತು. ಟೇಪು ಹೆಸರಿನ ಮೇಲಿಂದ ಹೊರಟು, ಪಕ್ಕಕ್ಕೆ ಇಳಿದು, ಕ್ಯಾಮೆರಾದ ತಳವನ್ನೂ ಸುತ್ತಿತ್ತು. ಎಂಥ ಬಂದೋಬಸ್ತು ಎಂದು ಛಾಯಾಪತಿಗಳು ಕಂಪನಿಯನ್ನು ಮನಸ್ಸಿನಲ್ಲೇ ಮೆಚ್ಚಿದರು. ಮೂಲೆಗೆ ಉಗುರು ಹಾಕಿದರು. ಬರಲಿಲ್ಲ. ಇನ್ನಷ್ಟು ಎಳೆದರು. ಟೇಪು ಪರ್ರೆಂದು ಪೂರ್ತಿ ಕಿತ್ತುಬಂತು. ತಳದ ಬ್ಯಾಟರಿ ಮುಚ್ಚಳ ಟಪ್ಪೆಂದು ಹಾರಿತು, ಅದರ ಹಿಂದೆಯೇ ಅಕ್ಕಿಕಾಳಿನಷ್ಟು ಪುಟ್ಟ ಕೊಂಡಿಯೊಂದು ಹಾರಿ ಮಂಚದ ಕೆಳಗೆಲ್ಲೋ ಬಿತ್ತು.

ಛಾಯಾಪತಿಗಳು ಬಗ್ಗಿ ಹೆಸರು ಓದಿದರು. ಅದು ಹೊಸ ಮಾದರಿಯಲ್ಲ. ಅವರ ಸ್ವಂತ ಕ್ಯಾಮೆರಾಕ್ಕಿಂತಲೂ ಎರಡು ತಲೆಮಾರು ಹಳೆಯದು.

ಮನೆಯವರೆಲ್ಲ ಕೋಣೆಗೆ ಬಂದಾಗ ಮಂಚದ ಕೆಳಗಿನಿಂದ ಛಾಯಾಪತಿಗಳ ಕಾಲುಗಳು ಮಾತ್ರ ಕಾಣುತ್ತಿದ್ದವು.

"ಭಾವ, ಏನ್ ಹುಡುಕ್ತಿದೀರಾ?" ಎಂದಳು ತಂಗಿ.

"ಏನಿಲ್ಲಮ್ಮ. ಕ್ಯಾಮೆರಾ ಮೇಲೆ ಧೂಳಿತ್ತು, ಒರೆಸ್ತಿದ್ದೆ."

"ಮಂಚದ ಕೆಳಗೆ ಹೋಗಿ ಒರೆಸ್ತಿದೀರಾ?" ಎಂದಳು ಹೆಂಡತಿ. ಅವಳ ದನಿ ಕೇಳಿಯೇ ಛಾಯಾಪತಿಗಳಿಗೆ ಅಲ್ಲೇ ಉಳಿದುಬಿಡುವುದು ಕ್ಷೇಮ ಎನಿಸಿತು.

ಷಡ್ಡಕ ಬೋಳು ಕ್ಯಾಮೆರಾವನ್ನು ಕೈಗೆತ್ತಿಕೊಂಡು ಮಂಚದ ಮೇಲೆ ಕುಸಿದು ಕೂತ. ಮುಚ್ಚಳದ ಕೊಂಡಿ ಮುರಿದು ಆರು ತಿಂಗಳಾಗಿತ್ತಂತೆ. ಮುಚ್ಚಳ ಭದ್ರವಾಗಿ ಕೂರದಿದ್ದರೆ ಅದು ಕಣ್ಣೇ ಬಿಡುವುದಿಲ್ಲ, ಆ ಟೇಪೇ ಅದರ ಪ್ರಾಣ. ಈಗ ಕೊಂಡಿಯೇ ಕಳೆದುಹೋದ ಮೇಲೆ ಹೊಸ ಟೇಪು ಸುತ್ತಿದರೂ ಮುಚ್ಚಳ ಕೂರದು. ಹಳೆಯ ಮಾದರಿ ಎಂದು ಗೊತ್ತಾದರೆ ಗಿರಾಕಿಗಳು ಮೂಗು ಮುರಿಯುತ್ತಾರೆಂದು ಹಾಗೇ ಹೆಸರಿನ ಮೇಲೂ ಒಂದು ಸುತ್ತು ಎಳೆದಿದ್ದನಂತೆ.

"ಹೋಗ್ಲಿ ಬಿಡಿ ಭಾವ, ಬೇಕಂತ ಮಾಡಿದ್ದಲ್ವಲ್ಲ," ಎಂದ. "ನಿಜ ಹೇಳ್ಲಾ? ನಿಮ್ಮ ಕ್ಯಾಮೆರಾ ಕಂಡ್ರೆ ನಂಗೆ ಮೊದ್ಲಿಂದಲೂ ಹೊಟ್ಟೆಕಿಚ್ಚು."

ಛಾಯಾಪತಿಗಳಿಗೆ ಒಂದು ಕ್ಷಣ ಸ್ವರ್ಗ ಮೂರೇ ಗೇಣು ಉಳಿಯಿತು. ಮರುಕ್ಷಣವೇ ಹೆಂಡತಿಯ ತೀರ್ಪು ಹೊರಬಿತ್ತು.

"ನಾಳೆ ಆಸ್ಪತ್ರೆಗೆ ಅವ್ರು ನಿಮ್ಮ ಕ್ಯಾಮೆರಾ ತಗೊಂಡು ಹೋಗ್ತಾರೆ. ನೀವೂ ಜೊತೇಲಿ ಹೋಗಿ ಬೆಳಕಿನ ತಟ್ಟೆ ಹಿಡ್ಕೋತೀರಿ. ಮಾತಿಲ್ಲ, ಕತೆ ಇಲ್ಲ."

ಸೋಮವಾರ ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಒಂದು ಕುರ್ಚಿ ಹಾಕಿದರು. ಒಬ್ಬೊಬ್ಬರೇ ಬಂದು ಕೂತರು. ಷಡ್ಡಕ ಛಾಯಾಪತಿಗಳ ಕ್ಯಾಮೆರಾ ಹಿಡಿದು ನಿಂತ. ಅವನ ಹೆಗಲ ಹಿಂದೆ, ಬೆಳಕನ್ನು ಮುಖದ ಮೇಲೆ ಬೀಳಿಸುವ ಬೆಳ್ಳಿಬಣ್ಣದ ಅಗಲವಾದ ತಟ್ಟೆಯನ್ನು ಎತ್ತಿ ಹಿಡಿದು ಛಾಯಾಪತಿಗಳು ನಿಂತರು. ತಮ್ಮ ಕ್ಯಾಮೆರಾ, ಪರರ ಕೈ! ಪ್ರತಿ ಸಲ ಅದು ಕ್ಲಿಕ್ ಎಂದಾಗಲೂ ಅವರ ಮುಖ ಸೊಟ್ಟಗಾಗುತ್ತಿತ್ತು. ತುಟಿ ಒಂದು ಕಡೆ ಎಳೆಯುತ್ತಿತ್ತು, ಹುಬ್ಬು ಇನ್ನೊಂದು ಕಡೆ ಏರುತ್ತಿತ್ತು, ಮೂಗಿನ ಹೊಳ್ಳೆ ತಾನಾಗಿ ಅರಳುತ್ತಿತ್ತು. ಕ್ಯಾಮೆರಾದಿಂದ ಕಣ್ಣು ಕೀಳದೆ, ಕೆಟ್ಟದಾಗಿ ಬರಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

ಮಧ್ಯಾಹ್ನ ಮೇಡಂ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿದರು. ಛಾಯಾಪತಿಗಳೂ ನೋಡಿದರು. ಆಸ್ಪತ್ರೆಗೆ ಸೇರಿದಾಗಿನಿಂದ ನಕ್ಕೇ ಇಲ್ಲ ಎಂಬ ಖ್ಯಾತಿಯ ದೊಡ್ಡ ಡಾಕ್ಟರು ಕಣ್ಣಂಚಿನಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಔಷಧಿ ಕೋಣೆಯಾಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಗೇಟು ಕಾಯುವವನ ಟೋಪಿ ನಗುವ ರಭಸಕ್ಕೆ ವಾಲಿತ್ತು. ಎಂಟು ವರ್ಷ ಕೈಯಲ್ಲಿಟ್ಟುಕೊಂಡು, ಇದರಲ್ಲಿ ಏನೂ ಬರುವುದಿಲ್ಲ ಎಂದು ತಾವು ಊರಿಗೆಲ್ಲ ಸಾರಿದ್ದ ಕ್ಯಾಮೆರಾದಿಂದ ಬಂದ ಚಿತ್ರಗಳು ಇವು. ಛಾಯಾಪತಿಗಳಿಗೆ ನಿಂತ ನೆಲ ಬಿರಿಯಬಾರದೇ ಎನಿಸಿತು.

"ಅದ್ಭುತ! ಇವರನ್ನೆಲ್ಲ ಹೇಗ್ರೀ ನಗಿಸಿದ್ರಿ?" ಎಂದರು ಮೇಡಂ.

ಷಡ್ಡಕ ತಲೆ ಕೆರೆದುಕೊಂಡ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. (ಅದೂ ಛಾಯಾಪತಿಗಳಿಗೆ ಸಹಿಸಲಾಗದ ಗುಣಗಳಲ್ಲೊಂದು.) "ನಾನಲ್ಲ ಮೇಡಂ. ಕುರ್ಚೀಲಿ ಕೂತೋರಿಗೆ ನನ್ನ ಹಿಂದೆ ನಮ್ಮ ಭಾವನವರ ಮುಖ ಕಾಣ್ತಿತ್ತು."

ಮೇಡಂ ತಿರುಗಿ ಛಾಯಾಪತಿಗಳ ಮುಖ ನೋಡಿದರು. ನೋಡಿದವರು ಮೇಜು ಹಿಡಿದುಕೊಂಡು ನಗಲಾರಂಭಿಸಿದರು. ನಗು ನಿಂತ ಮೇಲೆ, ಕೆಲಸ ನಿಮ್ಮದೇ ಎಂದು ಷಡ್ಡಕನಿಗೆ ಹೇಳಿ, ಒಂದು ಷರತ್ತನ್ನೂ ಹಾಕಿದರು. ಇದೇ ಕ್ಯಾಮೆರಾ ಇರಬೇಕು, ಹಿಂದೆ ಇದೇ ಮುಖ ಇರಬೇಕು.

ಒಂದು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಒಂದು ಅನಾಹುತವಾಯಿತು. ಆಸ್ಪತ್ರೆಯಲ್ಲಿ ಎಲ್ಲರೂ ಛಾಯಾಪತಿಗಳನ್ನು ಕಂಡು ನಮಸ್ಕಾರ ಹೇಳತೊಡಗಿದರು. ನರ್ಸುಗಳು ಕರೆದು ಕಾಫಿ ಕೊಟ್ಟರು. ಷಡ್ಡಕ ಬಂದ ಹಣದಲ್ಲಿ ಸಮಪಾಲು ಕೊಟ್ಟ. ಛಾಯಾಪತಿಗಳ ಹೊಟ್ಟೆ ತಣ್ಣಗಾಗಿ, ಮುಖದಲ್ಲಿ ಒಂದು ಬಗೆಯ ಕಳೆ ಬಂತು. ಕಳೆ ಬಂದ ಆ ದಿನ ಕುರ್ಚಿಯಲ್ಲಿ ಕೂತ ಒಬ್ಬರೂ ನಗಲಿಲ್ಲ. ಮೇಡಂ ಚಿತ್ರಗಳನ್ನು ನೋಡಿ, "ಏನಾಯ್ತು ಇವರಿಗೆ? ನಾಳೇನೂ ಹೀಗೇ ಆದ್ರೆ ಯೋಚನೆ ಮಾಡ್ಬೇಕಾಗತ್ತೆ," ಎಂದರು.

ಛಾಯಾಪತಿಗಳು ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಹುಬ್ಬು ಏರಿಸಿದರು, ತುಟಿ ಎಳೆದರು. ಯಾವುದೂ ಮೊದಲಿನಂತೆ ಬರಲಿಲ್ಲ. ಅಭ್ಯಾಸದಿಂದ ಬರುವ ವಿದ್ಯೆಯಲ್ಲ ಅದು.

ಮರುದಿನ ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಮುಂದಿಡುತ್ತ, ಏನೋ ಬೇರೆ ಕೆಲಸದಲ್ಲಿರುವವಳಂತೆ ಹೇಳಿದಳು. "ಅಂದಹಾಗೆ, ತಂಗಿ ಫೋನ್ ಮಾಡಿದ್ಲು. ನಿಮ್ಮ ಆ ಹೊಸ ಕ್ಯಾಮೆರಾ ಬಂತಂತೆ. ಊರಿಗೆ ಬಂದಿರೋದು ಒಂದೇ ಒಂದಂತೆ. ಅವಳ ಗಂಡ ನಿನ್ನೇನೇ ತನ್ನ ಹೆಸರಿಗೆ ಬರೆಸಿಟ್ಟಿದಾರಂತೆ."

ಲೋಟ ಅರ್ಧದಲ್ಲೇ ನಿಂತಿತು. ತುಟಿ ಒಂದು ಕಡೆ ಎಳೆಯಿತು, ಹುಬ್ಬು ಇನ್ನೊಂದು ಕಡೆ ಏರಿತು.

ಹೆಂಡತಿ ಗಂಡನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಆ ಕಡೆ ಈ ಕಡೆ ನೋಡಿ, ತೃಪ್ತಿಯಿಂದ ತಲೆದೂಗಿದಳು. ಲೋಟ ಕಿತ್ತುಕೊಂಡು ಬೆಳಕಿನ ತಟ್ಟೆಯನ್ನು ಅವರ ಕಂಕುಳಿಗೆ ಸಿಕ್ಕಿಸಿದಳು.

"ಹೀಗೇ ಹೋಗಿ. ದಾರೀಲಿ ಯಾರ ಜೊತೇನೂ ಮಾತಾಡ್ಬೇಡಿ, ಸಡಿಲ ಆಗತ್ತೆ."

ಬೀದಿ ತಿರುಗುವಷ್ಟರಲ್ಲಿ ಛಾಯಾಪತಿಗಳಿಗೆ ಇದು ಶುದ್ಧ ಸುಳ್ಳು ಎಂದು ಹೊಳೆಯಿತು. ಆಸ್ಪತ್ರೆಯ ಗೇಟು ತಲುಪುವಷ್ಟರಲ್ಲಿ ಅನುಮಾನವೇ ಉಳಿಯಲಿಲ್ಲ. ಆದರೂ ಒಂದು ವೇಳೆ ನಿಜವೇ ಆಗಿದ್ದರೆ ಎಂದು ಹೊಟ್ಟೆ ಧಗಧಗ ಉರಿಯುತ್ತಲೇ ಇತ್ತು. ಅವತ್ತು ಹದಿನೇಳು ಜನ ಕುರ್ಚಿಯಲ್ಲಿ ಕೂತರು, ಹದಿನೇಳು ಜನರೂ ಹಲ್ಲು ಕಾಣುವಂತೆ ನಕ್ಕರು.