ಹದಿನೇಳನೆಯ ನಿಯಮ ಮತ್ತು ಗುಲಾಬಿ ಗಿಡ

ಕಿಟಕಿಯ ಕೆಳಗೆ, ಗೋಡೆಯ ಬುಡದಲ್ಲೇ ಅಗೆಯಲು ವೈರ್‌ಮನ್ ಹಾರೆ ಎತ್ತಿದ್ದ. ಲೈಬ್ರರಿ ಅಕ್ಕ ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಎಲ್ಲವೂ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಇಪ್ಪತ್ತು ವರ್ಷ ಲೈಬ್ರರಿಯಲ್ಲಿ ಕೂತವಳು ಅವಳು. ಕೆಮ್ಮಿನ ಔಷಧಿಯ ಚೀಟಿಯನ್ನೂ ಮುನ್ನುಡಿಯಿಂದಲೇ ಓದುವವಳು.

“ಇಲ್ಲೇ ಯಾಕೆ ಅಗೀತೀಯಾ?”

“ಎಲ್ಲರ ಮನೇಲೂ ಇಲ್ಲೇ ಅಗಿಯೋದು ಅಕ್ಕ.”

“ಅದು ಕಾರಣ ಆಗಲ್ಲ ಕಣಪ್ಪ,” ಎಂದ ಅಕ್ಕ ಕಂಕುಳಲ್ಲಿದ್ದ ವಿದ್ಯುತ್ ನಿಯಮಗಳ ಪುಸ್ತಕ ತೆರೆದಳು. “ಹದಿನೇಳನೆಯ ನಿಯಮ ಕೇಳು. ಅರ್ಥಿಂಗ್ ಗುಂಡಿಯು ಯಾವುದೇ ಕಟ್ಟಡಕ್ಕೆ ಒಂದೂವರೆ ಮೀಟರಿಗಿಂತ ಹತ್ತಿರ ಇರತಕ್ಕದ್ದಲ್ಲ.”

ವೈರ್‌ಮನ್ ಹಾರೆ ಇಳಿಸಿ ಬೀಡಿ ಹುಡುಕಿದ.

ಸೋರಿದ ಕರೆಂಟನ್ನು ಮಣ್ಣಿಗಿಳಿಸುವ ಅರ್ಥಿಂಗೇ ಅಕ್ಕನ ಮನೆಗೆ ಇರಲಿಲ್ಲ. ಫ್ರಿಜ್ಜು ಮುಟ್ಟಿದವರನ್ನು ಚುರುಕ್ಕೆಂದು ಕಚ್ಚುತ್ತಿತ್ತು. ಅದನ್ನು ತೆರೆಯಲೆಂದೇ ಮುಂದೆ ಒಂದು ಜೊತೆ ರಬ್ಬರ್ ಚಪ್ಪಲಿ ಕಾದಿರುತ್ತಿತ್ತು. ಅದನ್ನಾದರೂ ಸಹಿಸಬಹುದು. ತಂಗಿ ತಂದ ದೊಡ್ಡ ಓವನ್ ತಿಂಗಳಿಂದ ಹಜಾರದಲ್ಲಿ ಬಿಡಾರ ಹೂಡಿದ ನೆಂಟನಂತೆ ಕೂತಿತ್ತು. ಸೋಮವಾರದಿಂದ ಶಾಲೆಯ ಕ್ಯಾಂಟೀನಿಗೆ ಬನ್ನು ಕೊಡುತ್ತೇನೆಂದು ತಂಗಿ ಒಪ್ಪಿಕೊಂಡಿದ್ದಳು. ಅರ್ಥಿಂಗ್ ಇಲ್ಲದೆ ಓವನ್‌ಗೆ ಅನುಮತಿ ಇಲ್ಲ. ಇನ್‌ಸ್ಪೆಕ್ಟರ್ ಬರುವುದು ಇವತ್ತು ನಾಲ್ಕು ಗಂಟೆಗೆ. ತಪ್ಪಿದರೆ ಇನ್ನು ಮೂರು ತಿಂಗಳು ಬಿಟ್ಟು.

“ಅಕ್ಕ, ಇವತ್ತೊಂದಿನ ಓದ್ಬೇಡ್ವೇ,” ಎಂದಳು ತಂಗಿ.

ಅಳೆಯುವ ಮಾತು ಕಿವಿಗೆ ಬಿದ್ದದ್ದೇ ಎದುರು ಮನೆಯ ಟೈಲರ್ ಮಾವ ಕೊರಳಿನ ಟೇಪಿನ ಸಮೇತ ಬಂದ. “ಒಂದೂವರೆ ಮೀಟರ್ ಅಂದ್ರೆ ಐವತ್ತೊಂಬತ್ತು ಇಂಚು ಚಿಲ್ಲರೆ. ಹೊಲಿಗೆಗೆ ಎರಡಿಂಚು ಜಾಸ್ತಿ ಇಟ್ಕೊಳ್ಳೋಣ,” ಎಂದು ಅಂಗಳಕ್ಕೆಲ್ಲ ಅಂಗಿಯ ಅಳತೆ ತೆಗೆದ. ಪಕ್ಕದ ಓಣಿಯಲ್ಲಿ ಜಾಗವಿಲ್ಲ. ಹಿತ್ತಿಲಿನ ತುಂಬ ಬಚ್ಚಲು. ಕಾಂಪೌಂಡ್ ಗೋಡೆ ಲೆಕ್ಕಕ್ಕಿಲ್ಲ ಎಂದು ಪುಸ್ತಕವೇ ಹೇಳಿದ್ದರಿಂದ ಕೊನೆಗೆ ಉಳಿದದ್ದು ಒಂದೇ ಜಾಗ: ಮುಂದಿನ ಅಂಗಳದಲ್ಲಿ ಕಾಂಪೌಂಡ್ ಗೋಡೆಗೆ ಅಂಟಿದ ಗುಲಾಬಿ ಗಿಡದ ಬುಡ. ಅದಕ್ಕೂ ಒಂದು ತಕರಾರಿತ್ತು. ಗೋಡೆಯಾಚೆ, ಪಕ್ಕದ ಮನೆ ದೊಡ್ಡಮ್ಮನ ಕೋಳಿಗೂಡು ಮೂವತ್ತೇ ಇಂಚು ದೂರದಲ್ಲಿತ್ತು.

“ಕೋಳಿಗೂಡು ಕಟ್ಟಡವೇನ್ರೀ?” ವೈರ್‌ಮನ್ ನಕ್ಕ.

ಅಕ್ಕ ನಗಲಿಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು. ಪುಟ ತಿರುವಿದಳು. “ಕಟ್ಟಡವೆಂದರೆ ಮನುಷ್ಯರು ಒಳಹೋಗಬಹುದಾದ, ಚಾವಣಿಯುಳ್ಳ ರಚನೆ.”

“ನಾನು ದಿನಾ ಹೋಗ್ತೀನಲ್ಲ ಮೊಟ್ಟೆ ತರೋಕೆ,” ಎಂದರು ಗೋಡೆಯ ಮೇಲೆ ಮೊಗ ಕಾಣಿಸಿದ ದೊಡ್ಡಮ್ಮ.

“ನೀವು ಹೋಗ್ತೀರೋ, ಕೈ ಹೋಗುತ್ತೋ ದೊಡ್ಡಮ್ಮ?”

“ಕೈ ನಂದೇ ಅಲ್ವೇನೇ?”

ವಾದ ಬೇಡ, ಪರೀಕ್ಷೆಯೇ ಆಗಲಿ ಎಂದು ಟೈಲರ್ ಮಾವ ಆಚೆ ಹೋಗಿ ಗೂಡಿನೊಳಗೆ ತಲೆ ತೂರಿಸಿದ. ತಲೆ ಹೋಯಿತು. ಭುಜ ಹೋಗಲಿಲ್ಲ. ತಲೆ ವಾಪಸೂ ಬರಲಿಲ್ಲ. ಒಳಗಿನಿಂದ ಎರಡು ಬಗೆಯ ಕೂಗು ಕೇಳಿತು. ಯಾವುದು ಕೋಳಿಯದು ಎಂದು ಹೇಳುವುದು ಕಷ್ಟವಿತ್ತು. ತಂಗಿ ಕಿವಿಗಳಿಗೆ ಬೆಣ್ಣೆ ಸವರಿ ಅವನನ್ನು ಬಿಡಿಸುವಾಗ ಮೂರು ಗಂಟೆ. ಮೀಸೆಯಲ್ಲಿ ಪುಕ್ಕ ಸಿಕ್ಕಿಸಿಕೊಂಡು ಅವನು ತೀರ್ಪು ಕೊಟ್ಟ: “ಕಟ್ಟಡ ಅಲ್ಲವೇ ಅಲ್ಲ.”

ಗುಲಾಬಿಯ ಮೇಲೆ ಹಾರೆ ಹಾಕಲು ಅಕ್ಕ ವೈರ್‌ಮನ್‌ನನ್ನು ಬಿಡಲಿಲ್ಲ. ಹನ್ನೆರಡು ವರ್ಷದ ಗಿಡ. ದಿನವೂ ಬೆಳಿಗ್ಗೆ ದೊಡ್ಡಮ್ಮ ಗೋಡೆಯಾಚೆಯಿಂದಲೇ ಅದರ ಬುಡಕ್ಕೆ ಒಂದು ಚೊಂಬು ನೀರು ಸುರಿಯುತ್ತಿದ್ದರು. ಆ ಅಕ್ಕರೆಗೆ ಕರಗಿ ಅಕ್ಕ ಮೊದಲ ಹೂವನ್ನು ಯಾವಾಗಲೂ ಅವರಿಗೇ ಕೊಡುತ್ತಿದ್ದಳು. “ಕ್ಷಮಿಸಿ ದೊಡ್ಡಮ್ಮ,” ಎಂದು ಗಿಡವನ್ನು ಬೇರುಸಹಿತ ಎತ್ತಿ ಬಕೆಟ್ಟಿಗಿಟ್ಟಳು.

ಎರಡು ಅಡಿ ಅಗೆಯುವಷ್ಟರಲ್ಲಿ ಹಾರೆ ಠಣ್ ಎಂದಿತು.

ಎಲ್ಲರೂ ಬಗ್ಗಿದರು. ಕಬ್ಬಿಣದ ಪೈಪು. ಅದಕ್ಕೆ ಬಿಗಿದ ದಪ್ಪ ತಂತಿಯೊಂದು ಗೋಡೆಯ ಅಡಿಯಿಂದ ನೆಟ್ಟಗೆ ದೊಡ್ಡಮ್ಮನ ಮನೆಯ ಕಡೆ ಹೊರಟಿತ್ತು. ಆಗಲೇ ಗೇಟಿನ ಸದ್ದಾಗಿ, ಇನ್‌ಸ್ಪೆಕ್ಟರ್ ಬಂದು ಅವರ ಬೆನ್ನ ಹಿಂದೆ ತಾನೂ ಬಗ್ಗಿದ್ದ.

“ಇದು ಇವರ ಮನೆ ಅರ್ಥಿಂಗು,” ಎಂದ ಅವನು ದೊಡ್ಡಮ್ಮನ ಕಡೆ ಕೈ ತೋರಿಸಿ.

“ಓ, ಅದಾ,” ಎಂದರು ದೊಡ್ಡಮ್ಮ. “ಮನೆ ಕಟ್ಟಿದಾಗ ಈ ಗೋಡೆ ಇರ್ಲಿಲ್ಲ. ಆ ಜಾಗಕ್ಕೆ ದಿನಾ ಒಂದು ಚೊಂಬು ನೀರು ಹಾಕಿ ಅಂತ ಮೇಸ್ತ್ರಿ ಹೇಳಿದ್ದ. ಯಾಕೆ ಅಂತ ನಾನು ಕೇಳ್ಲಿಲ್ಲ. ಹಾಕ್ತಾ ಬಂದೆ.”

“ಹಾಗಾದ್ರೆ ಗುಲಾಬಿಗಲ್ವಾ?” ಅಕ್ಕನ ದನಿ ಸಣ್ಣಗಾಯಿತು.

“ಗುಲಾಬಿ ಆಮೇಲೆ ನೀನು ತಂದು ನೆಟ್ಟೆ ಕಣೇ.”

ಇನ್‌ಸ್ಪೆಕ್ಟರ್ ತನ್ನ ಮೀಟರು ಹಚ್ಚಿ ನೋಡಿ ಹುಬ್ಬೇರಿಸಿದ. “ಇಷ್ಟು ಒಳ್ಳೇ ಅರ್ಥಿಂಗ್ ನನ್ನ ಸರ್ವೀಸಲ್ಲೇ ನೋಡಿಲ್ಲ. ಮಣ್ಣು ಒದ್ದೆ ಇದ್ರೇನೇ ಇದು ಕೆಲಸ ಮಾಡೋದು. ಇನ್ನೊಂದು ಗುಂಡಿ ಯಾಕೆ? ನಿಮ್ಮ ತಂತೀನೂ ಇದಕ್ಕೇ ಸೇರ್ಸಿ, ಸಹಿ ಹಾಕ್ತೀನಿ.” ಪೆನ್ನಿನ ಮುಚ್ಚಳ ತೆಗೆದ.

ತಂಗಿ ಕಣ್ಣು ಮುಚ್ಚಿ ನಿಟ್ಟುಸಿರುಬಿಟ್ಟಳು. ಅದೇ ತಪ್ಪಾಯಿತು, ಅಕ್ಕನ ಬೆರಳು ಪುಟದ ಮೇಲೆ ಹೋಗಿದ್ದು ಅವಳಿಗೆ ಕಾಣಲಿಲ್ಲ.

“ಒಂದ್ನಿಮಿಷ ಸಾರ್, ಇದಕ್ಕೇನು ಹೇಳಿದಾರೆ ಅಂತ ಕುತೂಹಲ. ಹಾಂ, ಹದಿನೆಂಟನೆಯದು. ಒಂದು ಮನೆಯ ಅರ್ಥಿಂಗನ್ನು ಇನ್ನೊಂದು ಮನೆಗೆ ಜೋಡಿಸತಕ್ಕದ್ದಲ್ಲ. ಹೊಸ ಗುಂಡಿಯು ಹಳೆಯದಕ್ಕೆ ಮೂರು ಮೀಟರಿಗಿಂತ ಹತ್ತಿರ...”

ಓದುತ್ತ ಓದುತ್ತ ಅವಳ ದನಿ ತಾನಾಗಿಯೇ ನಿಂತಿತು. ಇನ್‌ಸ್ಪೆಕ್ಟರ್ ಪೆನ್ನಿಗೆ ಮುಚ್ಚಳ ಹಾಕಿದ. ವೈರ್‌ಮನ್ ಹಾರೆ ಒರೆಸತೊಡಗಿದ.

ತಂಗಿ ಓವನ್ ಅನುಮತಿಯ ಅರ್ಜಿಯನ್ನು ಅಕ್ಕನ ಪುಸ್ತಕದೊಳಗಿನಿಂದ ಎಳೆದಳು. ಮನೆಯ ನಂಬರಿನ ಜಾಗ ಖಾಲಿಯಿತ್ತು; ಅಂಕಿಯಲ್ಲಿ ಬರೆಯಬೇಕೋ ಅಕ್ಷರದಲ್ಲೋ ಎಂದು ಅಕ್ಕ ಬೆಳಿಗ್ಗೆಯಿಂದ ಯೋಚಿಸುತ್ತಿದ್ದಳು. ತಂಗಿ ಅಲ್ಲಿ ದೊಡ್ಡಮ್ಮನ ಮನೆಯ ನಂಬರು ಬರೆದು, “ನಿಮ್ಮ ಅಡುಗೆಮನೇಲಿ ಜಾಗ ಇದ್ಯಾ ದೊಡ್ಡಮ್ಮ?” ಎಂದಳು.

“ಬನ್ನು ಕೊಡ್ತೀಯಾದ್ರೆ ಇದೆ.”

ಇನ್‌ಸ್ಪೆಕ್ಟರ್ ಸಹಿ ಹಾಕಿದ. ಐದು ಗಂಟೆಗೆ ಓವನ್ ಗೇಟು ದಾಟಿತು. ಆರಕ್ಕೆ ಗೋಡೆಯಾಚೆಯಿಂದ ಬನ್ನಿನ ಘಮ ಬಂತು, ಅದರ ಹಿಂದೆಯೇ ದೊಡ್ಡಮ್ಮನ ಕೈ. ಬನ್ನು ಇರಬೇಕೆಂದು ಅಕ್ಕ ಎರಡೂ ಕೈ ಚಾಚಿದಳು.

ಚೊಂಬು.

“ಗುಂಡಿ ನಿನ್ನ ಅಂಗಳದಲ್ಲೇ ಇದೆ ನೋಡು. ನಾಳೆಯಿಂದ ನೀನೇ ಹಾಕ್ಬಿಡು. ಮರೀಬೇಡ, ನಿನ್ನ ತಂಗಿ ಓವನ್ ಮುಂದೆ ನಿಂತಿರ್ತಾಳೆ.”

ಅಕ್ಕ ಚೊಂಬು ಹಿಡಿದು ಒಳಗೆ ಬಂದಳು. ಬಾಯಾರಿತ್ತು. ಅಭ್ಯಾಸದಂತೆ ರಬ್ಬರ್ ಚಪ್ಪಲಿ ಮೆಟ್ಟಿ ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದಳು.